ವಿರೂಪಾಕ್ಷನ ಹೂಂ

ಬೈಲಹೊಂಗಲದ ಮಠಕ್ಕೆ ಶ್ರಾವಣದಲ್ಲಿ ಪುರಾಣ ಹೇಳಲು ಯಾವ ಶಾಸ್ತ್ರಿಗಳು ಬಂದರೂ, ಗಾದಿಯ ಮೇಲೆ ಕೂತು ಶಾಲು ಸರಿಮಾಡಿಕೊಳ್ಳುತ್ತ ಮೊದಲು ಕೇಳುತ್ತಿದ್ದದ್ದು ವಿರೂಪಾಕ್ಷ ಬಂದಿದ್ದಾನೋ ಇಲ್ಲವೋ ಎಂದು. ವಿರೂಪಾಕ್ಷ ಹಾಡುವವನಲ್ಲ, ಪೇಟಿ ಬಾರಿಸುವವನಲ್ಲ. ಅವನ ಕೆಲಸ ಹೂಂ ಅನ್ನುವುದು. ಹೇಳುವವರು ಒಂದು ನುಡಿ ಮುಗಿಸಿ ಉಸಿರು ಎಳೆದುಕೊಳ್ಳುವಷ್ಟರಲ್ಲಿ ಎದುರಿನಿಂದ ಹೂಂ ಬರಬೇಕು. ಬಂದರೆ ಕಥೆ ಮುಂದಿನ ಹೆಜ್ಜೆ ಇಡುತ್ತದೆ, ಬರದಿದ್ದರೆ ಬಾಗಿಲಲ್ಲಿ ನಿಂತ ನೆಂಟರ ಹಾಗೆ ಅಲ್ಲೇ ನಿಂತುಬಿಡುತ್ತದೆ. ಎಲ್ಲರೂ ಅನ್ನಬಹುದಾದ ಹೂಂ ಅದು. ಆದರೆ ವಿರೂಪಾಕ್ಷ ಅಂದರೆ ಅದರ ತೂಕ ಬೇರೆ. ಅಳುವ ಕಡೆಗೆ ಒಂದು, ಕಾದಾಟದ ಕಡೆಗೆ ಒಂದು. ಶರಣನಿಗೆ ಶಿವ ಕಾಣಿಸಿಕೊಳ್ಳುವ ಕಡೆಗಂತೂ ಶಾಸ್ತ್ರಿಗಳಿಗೆ ಬಿಟ್ಟು ಇನ್ನೊಬ್ಬರಿಗೆ ಕೇಳಿಸದಷ್ಟು ಸಣ್ಣದು. ಹಗಲೆಲ್ಲ ಅಪ್ಪನ ಹತ್ತಿ ದಲಾಲಿ ಅಂಗಡಿಯಲ್ಲಿ ಕೂತು ನಾಲ್ಕು ಮಾತಾಡಿದರೆ ಹೆಚ್ಚು. ಮೂವತ್ತು ದಾಟಿದರೂ ಊರಲ್ಲಿ ಅವನ ದನಿ ಗೊತ್ತಿದ್ದದ್ದು ಆ ಒಂದು ಅಕ್ಷರದಿಂದಲೇ.

ಅದನ್ನು ಅವನಿಗೆ ಕಲಿಸಿದವಳು ಅವನ ಆಯಿ ಕೆಂಚವ್ವ. ಬೀಸುಕಲ್ಲಿನ ಮುಂದೆ ಕೂತು ತ್ರಿಪದಿ ಹೇಳುವಾಗ ಮೊಮ್ಮಗನನ್ನು ತೊಡೆಯ ಹತ್ತಿರ ಕೂರಿಸಿಕೊಂಡು ಹೂಂ ಅನ್ನಿಸುತ್ತಿದ್ದಳು. ತೂಕಡಿಸಿ ಹೂಂ ಅಂದರೆ ಹಿಟ್ಟಿನ ಕೈಯಿಂದಲೇ ಕಿವಿ ಹಿಂಡುತ್ತಿದ್ದಳು. ಹೂಂ ಅಂದರೆ ನಾನೂ ಈ ಮಾತಿನಲ್ಲಿ ಪಾಲುಗಾರ ಅಂದಹಾಗೆ, ಬಾಯಿಚಪಲಕ್ಕೆ ಅನ್ನುವ ಮಾತಲ್ಲ ಎಂಬುದು ಅವಳ ಪಾಠ.

ಕೆಂಚವ್ವನ ತವರೂರು ಈಗ ನೀರಿನಡಿಯಲ್ಲಿದೆ. ನವಿಲುತೀರ್ಥಕ್ಕೆ ಆಣೆಕಟ್ಟು ಬಂದಾಗ ಮಲಪ್ರಭೆಯ ಹಿನ್ನೀರಿಗೆ ಹೋದ ಊರುಗಳಲ್ಲಿ ಅದೂ ಒಂದು. ಊರಿನ ಹಿತ್ತಲ ಹೊಲದಲ್ಲಿ ಅವಳ ತಾಯಿ ಸತ್ಯವ್ವನ ಗದ್ದುಗೆ ಇತ್ತು. ಲಿಂಗಾಯತರ ರೂಢಿಯಂತೆ ಸತ್ಯವ್ವನನ್ನು ಕೂರಿಸಿ, ಎಡ ಅಂಗೈಯಲ್ಲಿ ಲಿಂಗ ಇಟ್ಟು, ಸುತ್ತಲೂ ವಿಭೂತಿ ಗಟ್ಟಿ ತುಂಬಿ, ಪತ್ರಿ ಹಾಕಿ ಮಣ್ಣು ಕೊಟ್ಟು, ಮೇಲೆ ಕಲ್ಲಿನ ಕಟ್ಟೆ ಕಟ್ಟಿಸಿದ್ದರು. ಊರು ಬಿಡುವಾಗ ಕೆಂಚವ್ವ ಗದ್ದುಗೆ ತೆಗೆಸಿ ತಾಯಿಯನ್ನು ಮೇಲಿನ ನೆಲಕ್ಕೆ ತರಬೇಕೆಂದು ಹಟ ಹಿಡಿದಳು. ಅಣ್ಣನ ಹೆಂಡತಿ ಕರೆವ್ವ ಅಡ್ಡ ನಿಂತಳು. ಲಿಂಗದ ಕೂಡ ಕೂತವಳನ್ನು ಎಬ್ಬಿಸುವುದುಂಟೇ, ನೀರು ಬಂದರೆ ಗಂಗವ್ವ ಬಂದಳು ಅಂದುಕೊಳ್ಳಬೇಕು ಎಂದಳು. ಇಬ್ಬರ ಮಾತೂ ಬೆಳೆದು ಮುರಿದುಬಿತ್ತು.

ಆಮೇಲೆ ಮೂವತ್ತು ವರ್ಷ ನಾದಿನಿ ವೈನಿ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಬೇಸಿಗೆಯ ಕೊನೆಗೆ ಹಿನ್ನೀರು ಸರಿದು ಕಟ್ಟೆ ಹೊರಗೆ ಬಂದಾಗ ಬೈಲಹೊಂಗಲದಿಂದ ಕೆಂಚವ್ವ ಸೋಮವಾರ ಹೋಗುತ್ತಿದ್ದಳು, ಸವದತ್ತಿಯಿಂದ ಕರೆವ್ವ ಗುರುವಾರ ಬರುತ್ತಿದ್ದಳು. ಹಿಂದೆ ಬಂದವಳು ಮುಂದೆ ಬಂದವಳ ಬಾಡಿದ ಹೂವನ್ನು ಗುಡಿಸಿ ಆಚೆ ಹಾಕಿ ತನ್ನ ಹೂವು ಏರಿಸುತ್ತಿದ್ದಳು.

ಈ ಗಂಟು ಬಿಚ್ಚಿದವನು ವಿರೂಪಾಕ್ಷ. ಬಿಚ್ಚಿದ ಅನ್ನುವುದಕ್ಕಿಂತ, ಅದು ತಾನೇ ಸಡಿಲಾಗುವವರೆಗೆ ಪಕ್ಕದಲ್ಲಿ ಕೂತಿದ್ದ. ಆ ವರ್ಷ ಹತ್ತಿ ವ್ಯವಹಾರಕ್ಕೆ ಸವದತ್ತಿ ಪೇಟೆಗೆ ಹೋದಾಗಲೆಲ್ಲ ಕರೆವ್ವನ ಮನೆಗೂ ಹೋದ. ಕರೆವ್ವ ಚಳಿಗಾಲ ಪೂರ್ತಿ ತನ್ನ ಸಂಕಟ ಹೇಳಿದಳು, ಇವನು ಹೂಂ ಅಂದ. ಮನೆಗೆ ಬಂದು ಕೆಂಚವ್ವನ ಸಂಕಟಕ್ಕೂ ಹೂಂ ಅಂದ. ಅಲ್ಲಿಯ ಮಾತು ಇಲ್ಲಿಗೆ, ಇಲ್ಲಿಯದು ಅಲ್ಲಿಗೆ ಒಂದನ್ನೂ ಸಾಗಿಸಲಿಲ್ಲ. ಯುಗಾದಿಯ ಹೊತ್ತಿಗೆ ಹೇಳಿ ಹೇಳಿ ಇಬ್ಬರಿಗೂ ಸಾಕಾಗಿತ್ತು. ಆಕಿ ಬಂದರ ನಾನೂ ಬರತೇನಿ ಅಂತ ಕರೆವ್ವನ ಬಾಯಿಂದ ಬಂದೇಬಿಟ್ಟಿತು. ಸೋಮವಾರ ಬೇಡ ಎಂದು ಅವಳು, ಗುರುವಾರ ಬೇಡ ಎಂದು ಇವಳು. ವಿರೂಪಾಕ್ಷ ಇಬ್ಬರಿಗೂ ಸೇರದ ಭಾನುವಾರ ಇಟ್ಟ. ಮನೆಯಲ್ಲಿ ತಂದೆಗೆ ಬಿಟ್ಟು ಯಾರಿಗೂ ಹೇಳಲಿಲ್ಲ. ಇಂಥ ಮಾತು ಬಾಯಿಂದ ಬಾಯಿಗೆ ಬಿದ್ದರೆ ಕೆಡುತ್ತದೆಂದು ಅವನ ಅಂಜಿಕೆ. ಈ ಸಲ ತಪ್ಪಿದರೆ ಇನ್ನೊಂದು ಬೇಸಿಗೆ ಇಬ್ಬರಿಗೂ ಉಳಿದಿದೆಯೋ ಇಲ್ಲವೋ. ಇಬ್ಬರೂ ಎಂಬತ್ತರ ಹತ್ತಿರದವರು.

ಅದೇ ಬೇಸಿಗೆ ಸೂಟಿಗೆ ಪುಣೆಯ ಕಾಲೇಜಿನಿಂದ ಗೌರೀಶ ಬಂದ. ಅವನು ವಿರೂಪಾಕ್ಷನ ಚಿಕ್ಕಪ್ಪನ ಮಗ, ಮಾತಿನ ಮಲ್ಲ. ಬರುವಾಗ ಹಾಸ್ಟೆಲ್ಲಿನಲ್ಲಿ ಕಲಿತ ಆಟವೊಂದನ್ನು ಹೊತ್ತು ತಂದಿದ್ದ. ಒಬ್ಬ ಕಥೆ ಹೇಳುವುದು, ಉಳಿದವರು ಅದರೊಳಗೆ ಒಂದೊಂದು ಪಾತ್ರ ಹಾಕಿಕೊಳ್ಳುವುದು. ಬಾಗಿಲು ತೆರೆಯಿತೋ ಇಲ್ಲವೋ, ದೆವ್ವ ಹಿಡಿಯಿತೋ ಬಿಟ್ಟಿತೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹಾಕಿ ತೀರ್ಮಾನಿಸುವುದು. ಪುಣೆಯ ಹುಡುಗರು ವಿಲಾಯತಿಯ ಕೋಟೆ, ರಕ್ತ ಕುಡಿಯುವ ಜಮೀನ್ದಾರರನ್ನು ಇಟ್ಟುಕೊಂಡು ಆಡುತ್ತಾರಂತೆ. ಗೌರೀಶನ ಹಂಚಿಕೆ ಬೇರೆ. ನಮ್ಮ ಹತ್ತಿರ ಕಿತ್ತೂರಿನ ಕೋಟೆ ಇದೆ, ದೇಗಾಂವದ ಗುಡಿ ಇದೆ, ಸವದತ್ತಿಯ ಕೋಟೆ, ರಾಮದುರ್ಗದ ಹಳೆಯ ವಾಡೆ ಇವೆ, ಇವನ್ನೆಲ್ಲ ಬಿಟ್ಟು ಯಾರೂ ಕಾಣದ ಊರಿನ ದೆವ್ವ ನಮಗೇಕೆ ಎಂದು ವಾದಿಸಿದ. ವಿರೂಪಾಕ್ಷನಿಗೆ ಅದು ನ್ಯಾಯದ ಮಾತೇ ಅನ್ನಿಸಿತು.

ಹತ್ತಿ ಗೋದಾಮಿನ ಮಾಳಿಗೆಯಲ್ಲಿ ಮಧ್ಯಾಹ್ನ ಆಟ. ಗೌರೀಶನ ತಂಗಿ ಶಿವಾನಿಯದು ಹಳೆಯ ಶಾಸನ ಓದುವ ಹೆಂಗಸಿನ ಪಾತ್ರ, ಕಿತ್ತೂರಿನ ಗೆಳೆಯ ಬಾಳೇಶನದು ನಿವೃತ್ತ ಫೌಜದಾರನದು. ನಾಲ್ಕನೆಯವನಾಗಿ ವಿರೂಪಾಕ್ಷನನ್ನು ಗೌರೀಶ ಕೈಹಿಡಿದು ಹತ್ತಿಸಿಕೊಂಡು ಹೋದ. ಪಾತ್ರ ಬೇಡ, ದಾಳ ಬೇಡ, ನಿನ್ನ ಹೂಂ ಒಂದಿದ್ದರೆ ಸಾಕಣ್ಣಾ ಎಂದ.

ಮೊದಲ ಮಧ್ಯಾಹ್ನಗಳು ಚೆನ್ನಾಗಿದ್ದವು, ಸುಳ್ಳೇಕೆ. ಗೌರೀಶನಿಗೆ ಹೇಳುವ ಕಲೆ ಒಲಿದಿತ್ತು. ಕಿತ್ತೂರಿನ ಅರಮನೆಯ ಬಿದ್ದ ಗೋಡೆಗಳ ನಡುವೆ ಗಾಳಿ ಹೇಗೆ ಸುಳಿಯುತ್ತದೆ, ದೇಗಾಂವದ ಗುಡಿಯಲ್ಲಿ ಕಾಲಿಟ್ಟಾಗ ಎಲ್ಲಿ ಕಲ್ಲು ತಣ್ಣಗಿರುತ್ತದೆ, ಸವದತ್ತಿಯ ಬುರುಜಿನ ಮೇಲೆ ನಿಂತರೆ ಊರು ಯಾವ ಕಡೆಗೆ ಚೆಲ್ಲಿಕೊಂಡಿದೆ, ಇದನ್ನೆಲ್ಲ ಅಣ್ಣನನ್ನು ಕೇಳಿ ಕೇಳಿ ಕಥೆಗೆ ಸೇರಿಸುತ್ತಿದ್ದ. ಎಂದೂ ಬಾಯಿ ಬಿಡದವನನ್ನು ಒಬ್ಬ ಹೀಗೆ ಕೂತು ಕೇಳಿದರೆ ಯಾರು ಹಿಗ್ಗುವುದಿಲ್ಲ? ಹಿನ್ನೀರಿನ ಗದ್ದುಗೆಯ ಸಂಗತಿಯೂ ಹಾಗೇ ಬಾಯಿಂದ ಹೊರಬಿತ್ತು. ಸತ್ಯವ್ವನನ್ನು ಹೇಗೆ ಕೂರಿಸಿದ್ದರು, ಏನೇನು ಇಟ್ಟಿದ್ದರು, ಎಲ್ಲ. ಕೆಂಚವ್ವ ತಾಯಿಯ ಮೇಲೆ ಕಟ್ಟಿದ ತ್ರಿಪದಿಯನ್ನೂ ಹೇಳಿದ:

ಕುಂತಾಳ ನಮ್ಮವ್ವ ಹೊಳಿದಂಡಿ ಮಣ್ಣಾಗ
ಚಿಂತಿಯ ಗಂಟು ಇಳಿಸ್ಯಾಳ – ಲಿಂಗಯ್ಯ
ಸಂತ್ಯಾಗ ಜೋಡಿ ಸಿಕ್ಕಾನ.

ಗೌರೀಶ ಅದನ್ನು ಎರಡು ಸಲ ಹೇಳಿಸಿಕೊಂಡ.

ಕಥೆ ಹುಳಿಯತೊಡಗಿದ್ದು ಯಾವಾಗ ಎಂದು ವಿರೂಪಾಕ್ಷನಿಗೆ ಹೇಳಲಾಗದು. ಕಿತ್ತೂರಿನಲ್ಲಿ ಕೋಟೆಗಾಗಿ ಸತ್ತವರು ಕರುಳು ಎಳೆದುಕೊಂಡು ನೀರು ಬೇಡುತ್ತ ಬಂದರು. ವಿರೂಪಾಕ್ಷ ಹೂಂ ಅಂದ. ದೇಗಾಂವದಲ್ಲಿ ದೇವರ ಕಣ್ಣಿಂದ ಕೀವು ಇಳಿಯಿತು. ಶಿವಾನಿ ಮಿರ್ಚಿ ಭಜಿ ತಿನ್ನುತ್ತ ಇಸ್ಸೀ ಎಂದು ನಕ್ಕಳು, ಬಾಳೇಶ ಬೆರಳಿನ ಎಣ್ಣೆಯನ್ನು ಗೋದಾಮಿನ ಗೋಡೆಗೆ ಒರೆಸಿ ದಾಳ ಎತ್ತಿದ. ಹೂಂ. ಅಡಿಗೆಯಲ್ಲಿ ನೊಣ ಬಿದ್ದದ್ದು ಕಂಡೂ ನೆಂಟರ ಮುಂದೆ ಸುಮ್ಮನೆ ಉಂಡ ಹಾಗಿತ್ತು ಅವನ ಸ್ಥಿತಿ.

ಒಂದು ದಿನ ಕಥೆ ಹಿನ್ನೀರಿಗೆ ಬಂತು. ಗೌರೀಶ ದನಿ ತಗ್ಗಿಸಿ, ಥೇಟ್ ಕೆಂಚವ್ವನ ಲಯದಲ್ಲಿ ಹೇಳತೊಡಗಿದ.

"ನೀರು ಸರಿತು. ಕಟ್ಟಿ ಕಾಣಸ್ತು. ಮಂದೀನ್ನ ಮಲಗಿಸಿ ಹುಗೀತಾರ, ಆಕಿನ್ನ ಕುಂಡ್ರಿಸಿ ಹುಗದಾರ. ಯಾಕಂದ್ರ ಆಕೀದು ಏಳೂದೊಂದ ಬಾಕಿ."

ಉಸಿರಿಗೆ ಬಿಟ್ಟ ಜಾಗ ಬಂತು. ವಿರೂಪಾಕ್ಷನ ಬಾಯಿ ಅವನನ್ನು ಕೇಳಲಿಲ್ಲ. ಹೂಂ ಅಂದುಬಿಟ್ಟಿತು.

ಶಿವಾನಿ ಮೈಗೆ ಮುಳ್ಳು ಬಂತೆಂದು ತೋಳು ತೋರಿಸಿದಳು. ಕುಂತಾಕಿ ಎಂದು ಆ ದೆವ್ವಕ್ಕೆ ಹೆಸರಾಯಿತು. ವಿರೂಪಾಕ್ಷ ಕೆಳಗಿಳಿದು ತೊಟ್ಟಿಯ ನೀರಿನಿಂದ ಬಾಯಿ ಮುಕ್ಕಳಿಸಿದ. ಮತ್ತೆ ಮುಕ್ಕಳಿಸಿದ. ಮುತ್ತಜ್ಜಿಯ ಗದ್ದುಗೆಗೆ ಉಗುಳಿದ ಎಂಜಲು ತನ್ನ ನಾಲಿಗೆಗೇ ಅಂಟಿದ ಹಾಗಿತ್ತು. ಹಿಂದೆ ಬಂದ ಗೌರೀಶನಿಗೆ, ಲಿಂಗದ ಕೂಡ ಕೂತವರು ದೆವ್ವ ಆಗೂದಿಲ್ಲ, ಅದನ್ನು ತೆಗಿ ಎಂದಷ್ಟೇ ಹೇಳಿದ. ಗೌರೀಶ ನಕ್ಕ. ನಿನ್ನ ಪುರಾಣದಲ್ಲಿ ರಾಕ್ಷಸರು ಕರುಳು ಬಗೆದು ಮಾಲೆ ಹಾಕಿಕೊಂಡರೆ ಹೂಂ ಅನ್ನುತ್ತೀಯಲ್ಲ, ನಂದು ಮಾತ್ರ ಹೊಲಸೇ ಎಂದು ಕೇಳಿದ. ಬದುಕಿಡೀ ಕೇಳಿದ ವಿರೂಪಾಕ್ಷನಿಗೆ ಹೇಳುವುದು ಎಲ್ಲಿ ಬರಬೇಕು? ಮರುದಿನದಿಂದ ಮಾಳಿಗೆ ಹತ್ತಲಿಲ್ಲ, ಅಷ್ಟೇ. ಮನೆಯಲ್ಲಿಯೂ ಯಾರ ಮುಂದೆಯೂ ಬಾಯಿ ಬಿಡಲಿಲ್ಲ.

ಭಾನುವಾರ ಬೆಳಿಗ್ಗೆ ಬಾಡಿಗೆ ಟ್ರ್ಯಾಕ್ಸು ಬಾಗಿಲಿಗೆ ಬಂತು. ಕೆಂಚವ್ವ ಇಳಕಲ್ಲ ಸೀರೆ ಉಟ್ಟು, ಹೋಳಿಗೆಯ ಬುಟ್ಟಿ ಮಡಿಲಲ್ಲಿಟ್ಟುಕೊಂಡು ಹತ್ತಿದಳು. ಹೊರಡುವ ಹೊತ್ತಿಗೆ ಗೌರೀಶ ಮುಖ ಸಹ ತೊಳೆಯದೆ ಓಡಿಬಂದು ನಾನೂ ಬರುತ್ತೇನೆಂದು ಹಿಂದಿನ ಸೀಟಿಗೆ ತೂರಿಕೊಂಡ. ಮೊಮ್ಮಗನಿಗೆ ಬುದ್ಧಿ ಬಂತೆಂದು ಕೆಂಚವ್ವ ಹಿಗ್ಗಿದಳು.

ಸವದತ್ತಿಯಲ್ಲಿ ಕರೆವ್ವ ಹತ್ತಿದಳು. ಇಬ್ಬರು ಮುದುಕಿಯರು ಒಂದೇ ಸೀಟಿನಲ್ಲಿ, ನಡುವೆ ಹೋಳಿಗೆ ಬುಟ್ಟಿ. ಊರು ದಾಟಿದ ಮೇಲೆ ಕರೆವ್ವ ಬುಟ್ಟಿಯ ಅರಿವೆಯನ್ನು ಮೂಗಿನ ಹತ್ತಿರ ಎತ್ತಿ, ಇನ್ನೂ ಜಾಜಿಕಾಯಿ ಹೆಚ್ಚ ಹಾಕತೀಯೇನ ನೀ ಎಂದಳು. ಹಾಕದಿದ್ದರ ನಿನ್ನ ಹೋಳಿಗಿ ಆಗತಾವ ಎಂದಳು ಕೆಂಚವ್ವ. ವಿರೂಪಾಕ್ಷನ ತಂದೆ ಮುಂದಿನ ಸೀಟಿನಲ್ಲಿ ಕೂತು ಕಣ್ಣೊರೆಸಿಕೊಂಡರು.

ಆಗಲೇ ಹಿಂದಿನಿಂದ ಗೌರೀಶ ಅಣ್ಣನ ಕಿವಿಗೆ ಬಾಯಿ ಇಟ್ಟ. ನಿನ್ನೆ ನಾನು, ಬಾಳೇಶ ಬೈಕಿನಲ್ಲಿ ಹೋಗಿ ಕಟ್ಟೆಯ ಮೇಲೆ ಒಂದಿಷ್ಟು ಸಾಮಾನು ಇಟ್ಟು ಬಂದಿದ್ದೇವೆ. ಇವತ್ತು ಮಧ್ಯಾಹ್ನ ಆಟದ ಕೊನೆಯ ಭಾಗವನ್ನು ಅಲ್ಲೇ ಆಡುವುದಿತ್ತು. ಎಂದಿನಂತೆ ಸೋಮವಾರ ಹೋಗುತ್ತೀರಿ, ಅಷ್ಟರೊಳಗೆ ತೆಗೆದರಾಯಿತು ಅಂದುಕೊಂಡಿದ್ದೆ. ಆಯಿ ಏನಾದರೂ ಅಂದರೆ ನೀನು ಸುಮ್ಮನೆ ಹೂಂ ಅಂದುಬಿಡಣ್ಣಾ ಎಂದ.

ಟ್ರ್ಯಾಕ್ಸು ನಿಂತಲ್ಲಿಂದ ಮುಂದೆ ನಡಿಗೆ. ಒಣಗಿ ಬಿರಿದ ಕೆಸರಿನ ಹೆಂಟೆ ಕಾಲಡಿ ಪುಡಿಯಾಗುತ್ತಿತ್ತು. ಊರಿನ ಅಡಿಪಾಯಗಳು ಸಾಲುಸಾಲಾಗಿ ಎದ್ದಿದ್ದವು. ಒಂದು ಕಡೆ ಕರೆವ್ವ ನಿಂತು, ಇದು ನಿನ್ನ ತವರಮನಿ ಒಲಿಗುಂಡ ನೋಡ ಎಂದು ಕಾಲಿನಿಂದ ಕಲ್ಲು ತೋರಿಸಿದಳು. ಕೆಂಚವ್ವ ಬಗ್ಗಿ ಅದನ್ನು ಮುಟ್ಟಿದಳು. ಏಳುವಾಗ ಆಸರೆಗೆ ವೈನಿಯ ಕೈ ಹಿಡಿದಳು, ಹಿಡಿದದ್ದನ್ನು ಬಿಡಲಿಲ್ಲ. ವಿರೂಪಾಕ್ಷ ಹಿಂದೆ ಬರುತ್ತಿದ್ದ. ಅವನಿಗೆ ಮೊದಲು ತಾಕಿದ್ದು ನಾತ.

ಗದ್ದುಗೆಯ ಮೇಲೆ ಒಂದು ಗೊಂಬೆ ಕೂತಿತ್ತು. ಕರಿಯ ಅರಿವೆಯದು, ಪದ್ಮಾಸನ ಹಾಕಿಸಿದ್ದರು. ತಲೆಗೆ ಕ್ಷೌರದಂಗಡಿಯಿಂದ ಬಳಿದು ತಂದ ಯಾರ್ಯಾರದೋ ಕೂದಲು. ಕೊರಳಿಗೆ ದಾರ ಕಟ್ಟಿ, ಮಣ್ಣಿನಲ್ಲಿ ಮಾಡಿದ ಲಿಂಗದಂಥದೊಂದನ್ನು ಇಳಿಬಿಟ್ಟಿದ್ದರು. ಸುತ್ತ ಮೊಳೆ ಹೊಡೆದ ನಿಂಬೆಹಣ್ಣು, ಕುಂಕುಮದ ಕೆಸರು, ಒಡೆದು ಸುರಿದ ತತ್ತಿ. ಒಂದು ದಿನದ ಬಿಸಿಲಿಗೆ ತತ್ತಿ ಕುದ್ದು ಕಲ್ಲಿಗೆ ಹಕ್ಕಳೆಗಟ್ಟಿತ್ತು. ಗೊಂಬೆಯ ಮಡಿಲಲ್ಲಿ ಆಡಿನ ತಲೆಬುರುಡೆ, ಅದರ ಮಾಂಸ ಪೂರಾ ಬಿಟ್ಟಿರಲಿಲ್ಲ. ನೊಣಗಳು ಒಮ್ಮೆ ಎದ್ದು ಮತ್ತೆ ಕೂತವು. ತತ್ತಿಯ ಹೆಸರನ್ನು ಅಡಿಗೆಮನೆಯಲ್ಲಿ ಎತ್ತದ ಮನೆತನದ ಹಿರಿಯಳ ತಲೆಯ ಮೇಲೆ ಇದಿತ್ತು.

ಕೆಂಚವ್ವ ವೈನಿಯ ಕೈ ಬಿಟ್ಟಳು.

ಅವಳು ಕೂಗಾಡಲಿಲ್ಲ. ಕಥೆ ಹೇಳುವ ದನಿಯಲ್ಲೇ, ನುಡಿಗೊಂದು ಉಸಿರು ಬಿಟ್ಟು ಹೇಳಿದಳು. "ಮೂವತ್ತ ವರ್ಷದ ಹಿಂದ ಒಬ್ಬಾಕಿ ಇಲ್ಲಿ ಅಡ್ಡ ನಿಂತಳು." ಉಸಿರು. ಕಣ್ಣು ಅಭ್ಯಾಸದಂತೆ ಮೊಮ್ಮಗನ ಕಡೆ ಹೊರಳಿತು. "ಆಕೀಗೆ ನಮ್ಮವ್ವನ್ನ ನಾ ಮುಟ್ಟೂದು ಬೇಕಿರಲಿಲ್ಲ." ಮತ್ತೆ ಉಸಿರು. "ಮೊನ್ನಿ ಗುರುವಾರ ಆಕಿ ಇಲ್ಲಿಗೆ ಬಂದಿರಬೇಕು. ಯಾರೂ ಮುಟ್ಟಲಾರದಂಗ ಮಾಟ ಮಾಡಿಸಿ ಹೋಗ್ಯಾಳ."

ಕರೆವ್ವ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು. ಗುರುವಾರ ಅವಳು ಬಂದಿರಲಿಲ್ಲ. ಭಾನುವಾರಕ್ಕೆಂದು, ಮೂವತ್ತು ವರ್ಷದಲ್ಲಿ ಮೊದಲ ಸಲ, ತನ್ನ ವಾರ ಬಿಟ್ಟಿದ್ದಳು. ತಿರುಗಿ ಟ್ರ್ಯಾಕ್ಸಿನ ಕಡೆ ನಡೆಯತೊಡಗಿದಳು.

ಗೌರೀಶನ ಮೊಣಕೈ ವಿರೂಪಾಕ್ಷನ ಪಕ್ಕೆಗೆ ತಾಕಿತು.

ಬಾಯಿಯವರೆಗೆ ಬಂದಿತ್ತು ಹೂಂ. ಹುಟ್ಟಾ ರೂಢಿ ಅದು, ಬಿಕ್ಕಳಿಕೆಯ ಹಾಗೆ ತಾನೇ ಬರುವಂಥದು. ವಿರೂಪಾಕ್ಷ ಹಲ್ಲು ಕಚ್ಚಿ ಹಿಡಿದ. ಕೆಂಚವ್ವನ ಕಥೆ ಬಾಗಿಲಲ್ಲಿ ನಿಂತಿತು.

"ಹೂಂ ಅನ್ನೊ," ಎಂದಳು ಕೆಂಚವ್ವ.

"ಇಲ್ಲಬೇ."

ಅವಳು ಕಿವಿ ಕೇಳದವಳ ಹಾಗೆ ನೋಡಿದಳು.

"ಇದು ಕರೆವ್ವಾಯಿದಲ್ಲ, ಮಾಟಾನೂ ಅಲ್ಲ. ನಮ್ಮ ಮನಿ ಹುಡುಗರು ಆಡಾಕ ಇಟ್ಟದ್ದು. ಗೌರೀಶ ಕಥಿ ಕಟ್ಟಿದ. ನಿಮ್ಮವ್ವನ್ನ ದೆವ್ವ ಮಾಡಿದ. ಹೇಳಿಕೊಟ್ಟಾಂವ ನಾ. ಹೂಂ ಅಂದಾಂವನೂ ನಾ."

ಇಷ್ಟು ಉದ್ದದ ಮಾತನ್ನು ಮನೆಯವರು ಅವನ ಬಾಯಿಂದ ಕೇಳಿರಲಿಲ್ಲ. ಗೌರೀಶ ನೆಲ ನೋಡುತ್ತ ಅದು ಬರೀ ಆಟ ಎಂದ. ಆಡಾಕ, ಎಂದು ಕೆಂಚವ್ವ ತನ್ನಷ್ಟಕ್ಕೆ ಅಂದುಕೊಂಡಳು. ಮಾಟವಾಗಿದ್ದರೆ ಅವಳಿಗೆ ತಿಳಿಯುತ್ತಿತ್ತು; ಹಗೆ, ಹೊಟ್ಟೆಕಿಚ್ಚು ಅವಳು ಕಂಡ ಸಂಗತಿ. ಇದು ತಿಳಿಯಲಿಲ್ಲ.

ತುಸು ದೂರ ಹೋದ ಕರೆವ್ವ ಅಲ್ಲೇ ನಿಂತು, ಈ ಕಡೆ ತಿರುಗದೆಯೇ ಮಾತಾಡಿದಳು.

"ಮಾಟ ಮಾಡಾವರಾದ್ರೂ ಒಳಗ ಯಾರೋ ಅದಾರಂತ ಅಂಜಿ ಮಾಡತಾರ. ಇವಕ್ಕ ಒಳಗ ಯಾರೂ ಇಲ್ಲ."

ಆಮೇಲೆ ತೊಳೆಯುವ ಕೆಲಸ. ನೀರಿನ ಅಂಚು ದೂರವಿತ್ತು. ಗೌರೀಶನನ್ನೇ ಕೊಡ ಹೊತ್ತು ತರಲು ಕಳಿಸಿದರು. ಬುರುಡೆಯನ್ನೂ ಅವನೇ ಎತ್ತಲಿ ಎಂದರು ವಿರೂಪಾಕ್ಷನ ತಂದೆ. ಎತ್ತಿದ. ಕಣ್ಣಿನ ತೂತಿನಿಂದ ಹುಳ ಮುಂಗೈಗೆ ಉದುರಿದ್ದೇ ತಡ, ಬೆಳಗಿನ ಚಹಾ ಎಲ್ಲ ಅಡಿಪಾಯದ ಕಲ್ಲುಗಳ ಮೇಲೆ ಕಾರಿಕೊಂಡ. ಮಾಳಿಗೆಯಲ್ಲಿ ಇದಕ್ಕಿಂತ ಹೆಚ್ಚಿನದನ್ನು ಭಜಿ ತಿನ್ನುತ್ತ ಬಣ್ಣಿಸಿದ್ದವನು. ಯಾರೂ ಬೆನ್ನು ಸವರಲಿಲ್ಲ.

ವಿರೂಪಾಕ್ಷ ತತ್ತಿಯ ಹಕ್ಕಳೆಯನ್ನು ಉಗುರಿನಿಂದ ಕೆರೆದ. ಗೊಂಬೆಯ ಕೊರಳಿನ ದಾರ ಬಿಚ್ಚುವಾಗ ಪರರ ಕೂದಲು ಬೆರಳಿಗೆ ಸುತ್ತಿಕೊಂಡು ಬಿಡಲೊಲ್ಲದು. ಮೈ ಜುಮ್ಮೆಂದು ಹೇಸಿಕೆ ಹತ್ತಿತು, ಆದರೂ ಕೋಲು ಹುಡುಕಲಿಲ್ಲ. ಕೈಯಿಂದಲೇ ಬಿಡಿಸಿದ.

ಕಲ್ಲು ಒದ್ದೆಯಾಗಿ ಮತ್ತೆ ತನ್ನ ಬಣ್ಣಕ್ಕೆ ಬಂದ ಮೇಲೆ ಕೆಂಚವ್ವ ತಾನೇ ಹೋಗಿ ಕರೆವ್ವನ ಎದುರು ನಿಂತಳು. ಏನಂದಳೋ ಗಾಳಿಗೆ ಕೇಳಿಸಲಿಲ್ಲ. ಕೊನೆಗೆ ಕರೆವ್ವ ಬಂದಳು, ಕೈ ಹಿಡಿಯದೆ ಬಂದಳು. ತನ್ನ ಗಂಟಿನಿಂದ ವಿಭೂತಿ ತೆಗೆದು ಮೊದಲು ತಾನು ಹಚ್ಚಿದಳು, ಉಳಿದ ಗಟ್ಟಿಯನ್ನು ನಾದಿನಿಯ ಅಂಗೈಗೆ ಹಾಕಿದಳು. ಕೆಂಚವ್ವ ತ್ರಿಪದಿ ಎತ್ತಿದಳು. ಕುಂತಾಳ ನಮ್ಮವ್ವ ಹೊಳಿದಂಡಿ ಮಣ್ಣಾಗ. ಉಸಿರು ಬಂತು. ವಿರೂಪಾಕ್ಷ ಬಾಯಿ ತೆರೆಯಲು ನಾಚಿದ. ಆ ಜಾಗದಲ್ಲಿ ಕರೆವ್ವನ ಒಡಕು ದನಿ ಹೂಂ ಅಂದಿತು.

ಹೋಳಿಗೆಯನ್ನು ಅಲ್ಲಿ ಯಾರೂ ತಿನ್ನಲಿಲ್ಲ.

ತಿರುಗಿ ಬರುವಾಗ ಸವದತ್ತಿಯಲ್ಲಿ ಕರೆವ್ವ ಇಳಿದು ಬುಟ್ಟಿಯಿಂದ ಹೋಳಿಗೆಯ ಒಂದು ಪದರು ತೆಗೆದುಕೊಂಡು ಹೋದಳು. ಜಾಜಿಕಾಯಿಯ ಮಾತೆತ್ತಲಿಲ್ಲ. ಕೆಂಚವ್ವ ಕಣ್ಣು ಮುಚ್ಚಿ ಸೀಟಿಗೆ ಒರಗಿದಳು. ಯರಗಟ್ಟಿ ರಸ್ತೆಯ ತಿರುವು ದಾಟಿದ ಮೇಲೆ ಗೌರೀಶ ಮುಂದೆ ಬಾಗಿದ. ಮುಖ ಇನ್ನೂ ಬಿಳಿಚಿತ್ತು, ಆದರೆ ಕಣ್ಣಿಗೆ ಮಾಳಿಗೆಯ ಆ ಹೊಳಪು ಆಗಲೇ ಬಂದಿತ್ತು.

"ಅಣ್ಣಾ, ಕರೆವ್ವಾಯಿ ಅಂದದ್ದು ಕೇಳಿದಿಲ್ಲ? ಒಳಗ ಯಾರೂ ಇಲ್ಲ ಅಂತ. ಎಂಥಾ ಮಾತದು. ಕಥಿ ಅಲ್ಲಿಂದನ ಚಾಲೂ ಮಾಡಬೇಕು ನೋಡು."

ಹೇಳಿ, ಉಸಿರು ಬಿಟ್ಟು, ಕಾದ.

ವಿರೂಪಾಕ್ಷ ತನ್ನ ಉಗುರು ನೋಡಿಕೊಂಡ. ಸಂದಿಯಲ್ಲಿ ತತ್ತಿಯ ಹಳದಿ ಒಣಗಿತ್ತು. ಕಿಟಕಿಯಿಂದ ಕೈ ಹೊರಗೆ ಚಾಚಿ ಗಾಳಿಗೆ ಹಿಡಿದ, ನಾತ ಹೋಗಲಿಲ್ಲ. ಗೌರೀಶ ಇನ್ನೊಂದಿಷ್ಟು ದೂರ ಕಾದ. ಬೈಲಹೊಂಗಲ ಬಂದರೂ ಹೂಂ ಬರಲಿಲ್ಲ.